ಅಕ್ಕನ ಅಂಗ್ಡಿ ಇತ್ತ್

ನಮ್ಮ ಮನೆಯ ಟೂತ್‌ಪೇಸ್ಟಿಗೆ ಮುಚ್ಚಳ ಇರುವುದಿಲ್ಲ. ತಂದ ದಿನ ಇರುತ್ತದೆ. ಮರುದಿನ ನೋಡಿದರೆ ಮಾಯ. ಆಗ ನಮ್ಮವರು ಬಚ್ಚಲಿನಿಂದಲೇ ಬೊಬ್ಬೆ ಹೊಡೆಯುತ್ತಾರೆ: “ಹ್ವಾಯ್, ಈ ಸಲ ಯಾರ್ ಮನಿ ಬಕೆಟ್ ಆಯ್ತ್ ಮಾರಾಯ್ತಿ ಇದ್?” ಅವರ ಊಹೆ ಸುಳ್ಳಲ್ಲ. ಆ ಮುಚ್ಚಳಕ್ಕೆ ಎರಡು ಬದಿ ತೂತು ಕೊರೆದು ತೆಳು ತಂತಿಯ ಹಿಡಿ ಹಾಕಿದರೆ ಹೆಬ್ಬೆರಳೆತ್ತರದ ಮನುಷ್ಯರಿಗೆ ಸೊಗಸಾದ ಬಕೆಟ್. ನಮ್ಮವರ ಅಂಗಿಯ ಗುಂಡಿ ನನ್ನ ಲೋಕದಲ್ಲಿ ಊಟದ ತಟ್ಟೆ. ಮುಗಿದ ಪೆನ್ನಿನ ರೀಫಿಲ್ಲು ನೀರಿನ ಪೈಪು. ಕಡ್ಡಿಪೆಟ್ಟಿಗೆಯ ಮಾತಂತೂ ಬಿಡಿ, ಅದು ಮಂಚ, ಕಪಾಟು, ಕೋಳಿಗೂಡು, ಏನು ಬೇಕಾದರೂ ಆದೀತು. ನಮ್ಮಲ್ಲಿಗೆ ಬಂದ ನೆಂಟರು ಹೊರಡುವ ಮೊದಲು ತಮ್ಮ ಗುಂಡಿಗಳನ್ನು ಮುಟ್ಟಿ ನೋಡಿಕೊಳ್ಳುತ್ತಾರೆ ಎಂದು ಇವರು ಊರಿಡೀ ಹೇಳಿಕೊಂಡು ಬಂದಿದ್ದಾರೆ. ಅದು ಮಾತ್ರ ಶುದ್ಧ ಸುಳ್ಳು.

ನನ್ನ ಕಸುಬೇ ಇದು. ಕೋಟೇಶ್ವರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಪುಟ್ಟ ಪುಟ್ಟ ಮನೆ, ಅಂಗಡಿ, ಬಸ್‌ಸ್ಟ್ಯಾಂಡು ಕಟ್ಟುತ್ತೇನೆ. ಕಟ್ಟಿದ್ದರ ಫೋಟೊ ತೆಗೆಯುತ್ತೇನೆ. ಆಮೇಲೆ ದಪ್ಪ ಕಾಗದಕ್ಕೆ ಮದ್ದು ಬಳಿದು, ಅದರ ಮೇಲೆ ಫೋಟೊದ ನೆಗೆಟಿವ್ ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಡುತ್ತೇನೆ. ಬಿಸಿಲು ಬಿದ್ದಲ್ಲಿ ಕಾಗದ ನೀಲಿಯಾಗುತ್ತದೆ, ಬೀಳದಲ್ಲಿ ಬೆಳ್ಳಗೆ ಉಳಿಯುತ್ತದೆ. ನೀರಿನಲ್ಲಿ ತೊಳೆದರೆ ನೀಲಿ ಬಣ್ಣದ ಚಿತ್ರ ಸಿದ್ಧ. ಒಂದರ ಹಾಗೆ ಇನ್ನೊಂದು ಬರುವುದಿಲ್ಲ, ಎಲ್ಲ ಮೋಡದ ಮರ್ಜಿ. ಮೊಬೈಲಿನಲ್ಲೇ ನೆಟ್ಟಗೆ ಕಾಣುವ ಫೋಟೊಕ್ಕೆ ಇಷ್ಟೆಲ್ಲ ಉಪದ್ವ್ಯಾಪ ಯಾಕೆ ಎಂದು ನೀವು ಕೇಳಬಹುದು. ಹಪ್ಪಳ ಅಂಗಡಿಯಲ್ಲಿ ಸಿಗುತ್ತದಲ್ಲ, ಮತ್ತೆ ನೀವ್ಯಾಕೆ ಬೇಸಿಗೆಯಿಡೀ ಚಾಪೆ ಹಾಸಿ ಕೂರುತ್ತೀರಿ? ಇದೂ ಹಾಗೇ.

ನಾನು ಹುಟ್ಟಿದ್ದು ಬೈಂದೂರಿನ ಕಡಲ ಬದಿಯಲ್ಲಿ. ಹೊಯ್ಗೆಯಲ್ಲಿ, ಎಂದರೆ ಕಡಲದಂಡೆಯ ಮರಳಿನಲ್ಲಿ, ಮನೆ ಕಟ್ಟಿ ಬೆಳೆದ ಕೈ ಇದು. ಕಪ್ಪೆಚಿಪ್ಪಿನ ಬಟ್ಟಲು, ಮೀನಿನ ಮುಳ್ಳಿನ ಬಾಚಣಿಗೆ, ತೆಂಗಿನ ಗರಿಯ ಚಪ್ಪರ. ಕಟ್ಟಿ ಮುಗಿಸುವಷ್ಟರಲ್ಲಿ ಏಡಿಯೊಂದು ಬಂದು ಒಕ್ಕಲಾಗುತ್ತಿತ್ತು. ಎಬ್ಬಿಸಲು ಹೋದರೆ ಕಚ್ಚುತ್ತಿತ್ತು. ಕೊನೆಗೆ ಕಡಲೇ ಬಂದು ಏಡಿಯನ್ನೂ ಮನೆಯನ್ನೂ ಒಟ್ಟಿಗೆ ಖಾಲಿ ಮಾಡಿಸುತ್ತಿತ್ತು. ಅಪ್ಪಯ್ಯ ಬಲೆ ಹೊಲಿಯುತ್ತ ಕೂತಲ್ಲಿಂದ, “ಇವ್ಳ್ ಇಂಜಿನಿಯರ್ ಆಪುದೇ ಸೈ,” ಎನ್ನುತ್ತಿದ್ದರು. ಆಗಲಿಲ್ಲ, ಪಾಪ ಅಪ್ಪಯ್ಯ.

ರಜೆ ಬಂತೆಂದರೆ ನನ್ನ ಸವಾರಿ ಹೆಮ್ಮಾಡಿಗೆ. ಅಲ್ಲಿ ಹೆದ್ದಾರಿಯ ಬದಿಯಲ್ಲಿ ನನ್ನ ದೊಡ್ಡಮ್ಮನ, ಎಂದರೆ ಅಮ್ಮನ ಅಕ್ಕನ, ಚಾ ಅಂಗಡಿ. ಹೆಸರಿನ ಬೋರ್ಡು ಇರಲಿಲ್ಲ. ಬಸ್ಸಿನ ಡ್ರೈವರುಗಳಿಂದ ಹಿಡಿದು ಮೀನಿನ ಬುಟ್ಟಿ ಹೊತ್ತ ಹೆಂಗಸರವರೆಗೆ ಎಲ್ಲರೂ ‘ಅಕ್ಕನ ಅಂಗ್ಡಿ’ ಎನ್ನುತ್ತಿದ್ದರು. ಬನ್ಸ್, ಗೋಳಿಬಜೆ, ನಾಲಿಗೆ ಸುಡುವ ಚಾ. ದೊಡ್ಡಮ್ಮನಿಗೆ ಒಂದು ವ್ರತವಿತ್ತು: ಗಿರಾಕಿಗೆ ‘ಇಲ್ಲ’ ಎನ್ನಬಾರದು. “ಅಂಗ್ಡಿಯಂಗೆ ಕೂಕಂಡ್ ಇಲ್ಲ ಅಂಬುಕಾಗ ಹೆಣೇ, ಅಂಗ್ಡಿಗೆ ಕೇಳ್ತ್,” ಎಂದು ನನಗೆ ಪಿಸುಗುಟ್ಟಿದ್ದಳು. (‘ಹೆಣೇ’ ಎಂದರೆ ಹೆದರಬೇಡಿ, ನಮ್ಮ ಕಡೆ ಹುಡುಗಿಯರನ್ನು ಕರೆಯುವುದೇ ಹಾಗೆ.) ಹಾಗಾಗಿ ಬನ್ಸ್ ಖಾಲಿಯಾದ ಮೇಲೆ ಯಾರಾದರೂ, “ಅಕ್ಕಾ, ಬನ್ಸ್ ಇತ್ತಾ?” ಎಂದರೆ, “ಇತ್ತ್. ನಾಳೆ ಬೆಳಿಗ್ಗೆ ಇತ್ತ್,” ಎನ್ನುತ್ತಿದ್ದಳು. ಕೇಳಿದವರು ನಗುತ್ತ ಗೋಳಿಬಜೆಗೆ ಕೈಚಾಚುತ್ತಿದ್ದರು.

ಅಂಗಡಿಯ ಬೆಂಚಿನ ಕೆಳಗೆ ನನ್ನ ಖಾಯಂ ಜಾಗ. ಮೇಲೆ ಗಿರಾಕಿಗಳು ಹರಟುತ್ತಿದ್ದರೆ ಕೆಳಗೆ ನಾನು ಅವರ ಕಾಲುಗಳ ನಡುವೆ ಕಡ್ಡಿಪೆಟ್ಟಿಗೆಯ ಊರು ಕಟ್ಟುತ್ತಿದ್ದೆ. ಯಾರ ಚಪ್ಪಲಿಗೆ ಯಾವ ಬಣ್ಣದ ಹೊಲಿಗೆ, ಯಾರ ಹಿಮ್ಮಡಿ ಒಡೆದಿದೆ, ಎಲ್ಲವೂ ಗೊತ್ತಿತ್ತು. ಮುಖ ಮಾತ್ರ ಒಬ್ಬರದೂ ನೆನಪಿಲ್ಲ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಸಹಿಸಿಕೊಳ್ಳಿ. ಚಿತ್ರಕಲೆ ಕಲಿಯಲು ಮೈಸೂರಿಗೆ ಹೋದ ಹೊಸತು. ಹಾಸ್ಟೆಲಿನ ಗೆಳತಿ ಕೇಳಿದಳು, “ನಿಮ್ಮನೇಲಿ ದೋಣಿ ಇದ್ಯಾ?”

“ಇತ್ತ್,” ಎಂದೆ.

ಅವಳ ಮುಖ ಬಾಡಿತು. “ಅಯ್ಯೋ ಪಾಪ. ಏನಾಯ್ತು?”

“ಎಂತ ಆಪುಕೆ? ಇತ್ತ್.”

“ಮುಳುಗೋಯ್ತಾ?”

“ಇಲ್ಲ ಮಾರಾಯ್ತಿ! ಇತ್ತ್! ಇತ್ತ್!”

ನಾನು ದನಿ ಏರಿಸಿದಷ್ಟೂ ಅವಳಿಗೆ ನನ್ನ ದುಃಖ ಉಮ್ಮಳಿಸಿ ಬರುತ್ತಿದೆ ಎನಿಸಿ ಬೆನ್ನು ಸವರತೊಡಗಿದಳು. ಅಂದಿನ ಊಟದಲ್ಲಿ ತನ್ನ ಪಾಲಿನ ಜಾಮೂನನ್ನೂ ನನ್ನ ತಟ್ಟೆಗೆ ಹಾಕಿದಳು. ನಾನು ತಿಂದೆ, ಬೇಡ ಎನ್ನಲು ನನಗೇನು ಹುಚ್ಚೆ? ಘಟ್ಟದ ಮೇಲಿನವರಿಗೆ ‘ಇತ್ತು’ ಎಂದರೆ ಹಿಂದೆ ಇತ್ತು, ಈಗಿಲ್ಲ. ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ಇದೆ, ಈಗಲೇ, ಇಲ್ಲೇ. ಇಲ್ಲವಾಗಿ ಹೋದದ್ದಕ್ಕೆ ನಮ್ಮಲ್ಲಿ ಬೇರೆ ಮಾತು: ‘ಇದ್ದಿತ್’. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಒಂದು ದೋಣಿಯೇ ಮುಳುಗಿತು ನೋಡಿ.

ಆಮೇಲೆ ಹೆದ್ದಾರಿ ಅಗಲವಾಯಿತು. ಅಕ್ಕನ ಅಂಗಡಿ ‘ಇತ್ತ್’ ಇದ್ದದ್ದು ‘ಇದ್ದಿತ್’ ಆಯಿತು. ಅಂಗಡಿ ಇದ್ದಲ್ಲಿ ಈಗ ಬಸ್ಸುಗಳು ಭರ್ರೆಂದು ಹೋಗುತ್ತವೆ. ದೊಡ್ಡಮ್ಮ ಬ್ರಹ್ಮಾವರದ ಮಗಳ ಮನೆಗೆ ಹೋದಳು. ಅಳುವ ಜಾತಿಯವಳಲ್ಲ ಅವಳು. ಅಲ್ಲಿಯೂ ಅಕ್ಕಪಕ್ಕದವರಿಗೆಲ್ಲ ಚಾ ಕುಡಿಸಿ ಅಕ್ಕನೇ ಆಗಿದ್ದಾಳೆ. ಆದರೆ ಹೆಮ್ಮಾಡಿಯ ಮೇಲೆ ಹೋಗುವ ಬಸ್ಸಿನಲ್ಲಿ ಅವಳ ಪಕ್ಕ ಕೂತರೆ ಒಂದು ತಮಾಷೆ ಕಾಣುತ್ತದೆ. ಆ ಜಾಗ ಬಂದ ಕೂಡಲೇ ಎರಡೂ ಕಾಲುಗಳನ್ನು ಬಸ್ಸಿನ ನೆಲದಿಂದ ಮೇಲೆತ್ತುತ್ತಾಳೆ. “ದಿನಾ ದೀಪ ಇಟ್ಟ್ ಕೈಮುಗ್ದ್ ಜಾಗ ಅಲ್ದಾ? ಮೆಟ್ಟುಕಾಗ,” ಎನ್ನುತ್ತಾಳೆ, ತುಳಿಯಬಾರದಂತೆ. ಮೊದಲ ಸಲ ನೋಡಿದಾಗ ನಗು ಬಂತು. ಈಗ ಆ ಜಾಗ ಬಂದರೆ ಒಬ್ಬಳೇ ಇದ್ದರೂ ನನ್ನ ಕಾಲೂ ಏಳುತ್ತದೆ.

ಹೋದ ಬೇಸಿಗೆಯ ಕೊನೆಗೆ ದೊಡ್ಡಮ್ಮ ಕೆಲವು ದಿನ ಇದ್ದು ಹೋಗಲು ನಮ್ಮಲ್ಲಿಗೆ ಬಂದಳು. ನನ್ನ ಕೋಣೆಗೆ ನುಗ್ಗಿ ಕಪಾಟಿನ ಪುಟ್ಟ ಮನೆಗಳನ್ನು ಒಂದೊಂದಾಗಿ ಬಗ್ಗಿ ನೋಡಿದಳು. ನೋಡಿ ಮುಗಿಸಿ ಮಣೆ ಎಳೆದು ಕೂತಳು.

“ಹೆಣೇ, ಯಾರ್ಯಾರ್ದೋ ಮನಿ ಕಟ್ತೆ. ನನ್ ಅಂಗ್ಡಿ ಕಟ್ಟುಕ್ ಆತ್ತಾ ನಿಂಗೆ?”

“ಅದಕ್ಕೆಂತ, ಕಟ್ಟುವ,” ಎಂದೆ ಸಲೀಸಾಗಿ.

“ಒಂದ್ ಪಟ ತೆಗ್ಸಲಿಲ್ಲ ಕಾಣ್ ನಾನ್. ಯಾವತ್ತೂ ಇಪ್ಪುದ್ ಅಲ್ದಾ ಅಂದೇಳಿ. ಮೊನ್ನೆ ಮಲ್ಕಂಡಲ್ಲಿ ಆಲೋಚ್ನೆ ಮಾಡ್ದೆ, ಒಲಿ ಎಡ್ದ್ ಬದಿಗ್ ಇದ್ದಿತಾ, ಬಲ್ದ್ ಬದಿಗ್ ಇದ್ದಿತಾ? ನೆನ್ಪೇ ಬರ್ಲಿಲ್ಲ. ಹೆದ್ರಿಕಿ ಆಯ್ತ್. ನಾನೂ ಮರ್ತ್ರೆ ಮತ್ ಯಾರ್‌ಹತ್ರ ಇತ್ತ್ ಅದ್?”

ಅವಳು ಹೋಗುವುದರೊಳಗೆ ಅಂಗಡಿ ಕಟ್ಟಿ, ಚಿತ್ರ ಮಾಡಿ, ಕೈಗೆ ಕೊಟ್ಟೇ ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಹೊರಗೆ ಬಂದು ಆಕಾಶ ನೋಡಿದೆ. ಮಳೆಗಾಲ ಹೊಸ್ತಿಲಲ್ಲಿತ್ತು. ಒಮ್ಮೆ ಹಿಡಿದರೆ ನನ್ನ ಬಿಸಿಲಿನ ಚಿತ್ರಗಳಿಗೆ ನವರಾತ್ರಿಯವರೆಗೆ ರಜೆ. ಅಷ್ಟರವರೆಗೆ ದೊಡ್ಡಮ್ಮನ ತಲೆಯಲ್ಲಿ ಒಲೆ ಎಲ್ಲೆಲ್ಲಿ ತಿರುಗುತ್ತದೋ ಏನೋ.

ಕಟ್ಟಲು ಕೂತಾಗ ನನ್ನ ಬಂಡವಾಳ ಬಯಲಾಯಿತು. ಬೆಂಚಿನ ಅಡಿಭಾಗವನ್ನು ಐಸ್‌ಕ್ರೀಂ ಕಡ್ಡಿಯಲ್ಲಿ ಎಷ್ಟು ಚಂದ ಮಾಡಿದೆ ಗೊತ್ತೆ? ಮೊಳೆಯ ತಲೆ ಸಮೇತ. ಬೆಂಚಿನ ಮೇಲೆ ಏನಿತ್ತು ಎಂದರೆ ಬೆಬ್ಬೆಬ್ಬೆ. ನಮ್ಮವರು ಬಗ್ಗಿ ನೋಡಿ, “ಅಂಗ್ಡಿ ಲಾಯ್ಕ್ ಇತ್ತ್. ಆರೆ ಇದ್ ಕಾಂಬುಕೆ ಎಲ್ಲರೂ ನೆಲದ್ ಮೇಲ್ ಮಲ್ಕಣ್ಕ್ ಅಷ್ಟೇ,” ಎಂದರು. ದೊಡ್ಡಮ್ಮನನ್ನು ಕೇಳಿದರೆ ಅವಳ ಅಂಗಡಿ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಬೆಳಿಗ್ಗೆ ಒಂದು ಬೆಂಚು ಇದ್ದದ್ದು ಸಂಜೆಗೆ ಎರಡಾಗುತ್ತಿತ್ತು. ಭರಣಿಗಳ ಸಾಲಿಗೆ ಚಕ್ಕುಲಿಯ ಭರಣಿ, ಚಿಕ್ಕಿಯ ಭರಣಿ ಹೊಸದಾಗಿ ಬಂದು ಸೇರಿಕೊಂಡವು. ಗೋಡೆಗೆ ನಿಲುವುಗನ್ನಡಿ ಇತ್ತು ಎಂದಾಗ ಮಾತ್ರ ನಾನು ಒಪ್ಪಲಿಲ್ಲ. “ಇದ್ದಿದ್ರೆ ಲಾಯ್ಕ್ ಇರ್ತಿತ್ ಅಲ್ದಾ?” ಎಂದು ನಕ್ಕಳು.

ಒಲೆಯದ್ದೇ ತಕರಾರು. ಕೊನೆಗೊಂದು ಉಪಾಯ ಹೊಳೆದು ದೊಡ್ಡಮ್ಮನನ್ನು ಮಣೆಯ ಮೇಲೆ ಕೂರಿಸಿದೆ. “ನಾನ್ ಗಿರಾಕಿ. ಒಂದ್ ಚಾ ಕೊಡಿ ಅಕ್ಕಾ,” ಎಂದೆ. ಅವಳು ಯೋಚಿಸುವ ಮೊದಲೇ ಎಡಗೈ ಎಡಗಡೆಯ ಗಾಳಿಯಲ್ಲಿದ್ದ ಪಾತ್ರೆಯನ್ನು ಎತ್ತಿತು, ಬಲಗೈ ಲೋಟ ಹಿಡಿದು ಕೆಳಗೆ ಹೋಯಿತು, ಕಾಣದ ಚಾ ಎತ್ತರದಿಂದ ಸುರಿಯಿತು. ಇಬ್ಬರೂ ಒಂದೇ ಸಲ ಕೂಗಿದೆವು, “ಎಡ್ದ್ ಬದಿಗೆ!” ಆಮೇಲೆ ಅವಳು ಆ ಎಡಗೈಯನ್ನು ಮುಂದೆ ಹಿಡಿದು, ಪರೀಕ್ಷೆ ಪಾಸಾದ ಮಗುವನ್ನು ನೋಡುವಂತೆ ನೋಡಿದಳು.

ಬನ್ಸಿನ ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾನು ಮಾಡಿದ ಮಣ್ಣಿನ ಬನ್ಸ್ ದೊಡ್ಡಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಬಾಳೆಹಣ್ಣು, ಸಕ್ಕರೆ, ಮೈದಾ ಕಲಸಿ, ಮೆಣಸಿನ ಕಾಳಿನಷ್ಟು ಉಂಡೆ ಮಾಡಿ ಎಣ್ಣೆಯಲ್ಲಿ ನಿಜವಾಗಿಯೇ ಕರಿದಳು. ಚಿಮಟದಲ್ಲಿ ಎತ್ತಿ ಪುಟ್ಟ ತಟ್ಟೆಯಲ್ಲಿ ಗೋಪುರ ಕಟ್ಟಿದೆ. ಊಟ ಮಾಡಿ ಬಂದು ನೋಡಿದರೆ ತಟ್ಟೆ ಬರಿದು. ಇರುವೆಗಳು ತಲೆಗೊಂದು ಬನ್ಸ್ ಹೊತ್ತು, ಅಂಗಡಿಯ ಮೆಟ್ಟಿಲಿಳಿದು, ಸಾಲಾಗಿ ಕಿಟಕಿಯತ್ತ ಹೊರಟಿದ್ದವು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ದೊಡ್ಡಮ್ಮನಿಗೆ ಹಿಡಿಸಲಾರದ ಸಂತೋಷ. “ಗಿರಾಕಿ ಬಂದ್ರ್ ಕಾಣ್ ಹೆಣೇ! ಅಂಗ್ಡಿ ಬಾಗ್ಲ್ ತೆಗ್ದದ್ ಗೊತ್ತಾಯ್ತ್ ಅವ್ಕೆ!” ಎಂದು ಎರಡನೇ ಸಲ ಎಣ್ಣೆ ಇಟ್ಟಳು.

ಅಂಗಡಿ ಸಿದ್ಧವಾಯಿತು. ಹಿಂದೆ ಊದುಬತ್ತಿ ಹಚ್ಚಿಟ್ಟು, ಅದರ ಹೊಗೆಯನ್ನೇ ಚಾದ ಹಬೆ ಮಾಡಿ, ನೆಲಕ್ಕೆ ಕೆನ್ನೆ ಹಚ್ಚಿ ಫೋಟೊ ತೆಗೆದೆ. ಅಂಗಡಿಗೆ ಊದುಬತ್ತಿ ಹಚ್ಚಿದ್ದು ಕಂಡು ದೊಡ್ಡಮ್ಮ ಕೈಮುಗಿದಳು. ನೆಗೆಟಿವ್ ಪ್ರಿಂಟಿಗೆ ಕುಂದಾಪುರಕ್ಕೆ ಹೋದೆ. ಜೆರಾಕ್ಸ್ ಅಂಗಡಿಯ ಹುಡುಗಿ ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು, “ಎಕ್ಸ್‌ರೇಯಾ ಅಕ್ಕಾ? ಯಾರಿಗ್ ಎಂತ ಆಯ್ತ್?” ಎಂದು ಕನಿಕರಪಟ್ಟಳು.

ಮೊದಲ ಚಿತ್ರ ಬಿಸಿಲಿನಲ್ಲಿ ಚೆನ್ನಾಗಿ ಕಾದು ಕಡು ನೀಲಿಯಾಗಿ ಬಂತು. ನನ್ನ ಕೈಯಿಂದ ಅಷ್ಟು ಒಳ್ಳೆಯ ಚಿತ್ರ ಬಂದೇ ಇರಲಿಲ್ಲ ಎಂದು ಬೀಗಿದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದಳು.

“ಲಾಯ್ಕ್ ಇತ್ತ್. ಆರೆ ಇದ್ ರಾತ್ರಿ ಅಲ್ದಾ? ರಾತ್ರಿಗೆ ನಾನ್ ಬಾಗ್ಲ್ ಹಾಯ್ಕಂಡ್ ಮನಿಗ್ ಹೋತಿದ್ದೆ. ಇದ್ ನನ್ ಅಂಗ್ಡಿ ಅಲ್ಲ ಹೆಣೇ, ಯಾರೋ ಕಳ್ರ್ ಬಾಗ್ಲ್ ತೆಗ್ದಂಗ್ ಇತ್ತ್.”

ನೀಲಿಯೊಂದೇ ಬಣ್ಣ ಬರುವುದು ದೊಡ್ಡಮ್ಮ, ಬೇಕಾದರೆ ಗಟ್ಟಿ ಚಾದಲ್ಲಿ ಅದ್ದಿ ಬಣ್ಣ ಬದಲಿಸಬಹುದು ಎಂದೆ. “ಪಟಕ್ಕೆ ಚಾ ಕುಡ್ಸುದಾ?” ಎಂದು ಬೆರಗಾದರೂ ಒಳ್ಳೆಯ ಗಟ್ಟಿ ಚಾ ಅವಳೇ ಮಾಡಿಕೊಟ್ಟಳು. ಅದ್ದಿದೆ. ನೀಲಿ ಹೋಗಿ ಕಪ್ಪಾಯಿತು. “ಮೊದ್ಲ್ ರಾತ್ರಿ ಇದ್ದಿತ್, ಈಗ ಅಮಾಸಿ ಆಯ್ತ್,” ಎಂದು ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ಕೊನೆಗೆ ಮಾತ್ರ ಮುಖ ಸ್ವಲ್ಪ ಸಣ್ಣದಾಯಿತು, ನಾನು ಕಂಡೆ.

ಹಾಗೇ ಅವಳು ಹೊರಡುವ ಹಿಂದಿನ ದಿನ ಬಂದೇಬಿಟ್ಟಿತು. ಮರುದಿನ ಬೆಳಿಗ್ಗೆ ಮಗಳು ಬ್ರಹ್ಮಾವರದಿಂದ ಕಾರು ತೆಗೆದುಕೊಂಡು ಬರುವವಳು. ಪಡುವಣದಲ್ಲಿ ಕರಿಮೋಡ ಎದ್ದಿತ್ತು, ನೆತ್ತಿಯ ಮೇಲೆ ಮಾತ್ರ ಒಂದಿಷ್ಟು ಬಿಸಿಲು. ಇನ್ನು ಇದೇ ಕೊನೆ ಎಂದು ಉಳಿದ ಮದ್ದನ್ನೆಲ್ಲ ಬಳಿದು, ಇದ್ದಬದ್ದ ಹಾಳೆಗಳನ್ನು ಹಲಗೆ-ಗಾಜಿನ ನಡುವೆ ಕ್ಲಿಪ್ಪು ಹಾಕಿ ತಾರಸಿಯ ಮೇಲೆ ಸಾಲಾಗಿ ಇಟ್ಟೆ. ಹಿನ್ನೆಲೆಯನ್ನು ಎಷ್ಟೋ ಬದಲಿಸಿ ತೆಗೆದ ಹೊಸ ಫೋಟೊ. ಯಾವುದಾದರೂ ಒಂದು ಅವಳಿಗೆ ಹಗಲಿನಂತೆ ಕಾಣಲಿ ದೇವರೇ ಎಂದುಕೊಂಡೆ. ಅಷ್ಟರಲ್ಲಿ ಕೆಳಗೆ ಮೀನಿನವಳ ಕೂಗು ಕೇಳಿತು. ದೊಡ್ಡಮ್ಮನಿಗೆ ನಾಳೆ ಬುತ್ತಿಗೆ ಬಂಗುಡೆ ಬೇಕಲ್ಲ, ಇಳಿದು ಹೋದೆ. “ಕಾಕಿ ಬಾರ್ದಂಗ್ ನಾನ್ ಕಾಯ್ತೆ,” ಎಂದು ದೊಡ್ಡಮ್ಮ ಕೋಲು ಹಿಡಿದು ತಾರಸಿ ಹತ್ತಿದಳು. ಕಾಗೆ ಚಿತ್ರ ತಿನ್ನುವುದಿಲ್ಲ ಎಂದು ಹೇಳುವ ವ್ಯವಧಾನ ನನಗಿರಲಿಲ್ಲ.

ಚೌಕಾಸಿ ಮುಗಿಸಿ ಮೇಲೆ ಬಂದರೆ ಏನು ನೋಡುವುದು! ಒಂದೂ ಬಿಡದೆ ಎಲ್ಲ ಚೌಕಟ್ಟುಗಳೂ ಬೋರಲು. ಗಾಜು ಕೆಳಗೆ, ಹಲಗೆ ಬಿಸಿಲಿಗೆ. ದೊಡ್ಡಮ್ಮ ಸೆರಗಿನಿಂದ ಬೆವರೊರೆಸಿಕೊಳ್ಳುತ್ತ ನಿಂತಿದ್ದಳು.

“ಅಯ್ಯೋ ದೊಡ್ಡಮ್ಮಾ! ಎಂತ ಮಾಡ್ದೆ!”

“ಒಂದ್ ಬದಿ ಒಣಗಿತ್ ಅಲ್ದಾ? ಮಗ್ಚಿ ಹಾಕ್ದೆ,” ಎಂದಳು ಕೆಲಸ ಮುಗಿಸಿದ ಹೆಮ್ಮೆಯಲ್ಲಿ. “ನೀ ಹೋದ್ ಕೂಡ್ಲೇ ಮಗ್ಚಿದೆ. ಮಳಿ ಬಂದ್ರೆ ಇನ್ನೊಂದ್ ಬದಿ ಹಸಿ ಉಳೀತ್ ಮತ್ತೆ.”

ಹಪ್ಪಳ, ಸಂಡಿಗೆ, ಒಣಮೀನು, ಮೆಣಸು, ಜೀವಮಾನವಿಡೀ ಬಿಸಿಲಿಗೆ ಹಾಕಿದ್ದನ್ನೆಲ್ಲ ಮಗುಚಿದ ಕೈ. ಬಿಸಿಲಿಗಿಟ್ಟದ್ದನ್ನು ಮಗುಚದೆ ಕೂರುವುದು ನಮ್ಮ ಕಡಲ ಬದಿಯ ಯಾವ ಹೆಂಗಸಿಗೂ ಸಾಧ್ಯವಿಲ್ಲ. ಬೈಯಲು ಬಾಯಿ ಬರಲಿಲ್ಲ, ಅಳು ಬಂತು. ಪುನಃ ಮೇಲ್ಮುಖ ಮಾಡೋಣ ಎಂದು ಬಗ್ಗುವಷ್ಟರಲ್ಲಿ ಸೂರ್ಯನನ್ನು ಮೋಡ ಮುಚ್ಚಿತು, ತೋಳಿನ ಮೇಲೆ ದೊಡ್ಡದೊಂದು ಹನಿ ಬಿತ್ತು. ಇಬ್ಬರೂ ಚೌಕಟ್ಟುಗಳನ್ನು ಎದೆಗವಚಿಕೊಂಡು ಕೆಳಗೆ ಓಡಿದೆವು. ನನ್ನ ಮುಖ ನೋಡಿ ದೊಡ್ಡಮ್ಮನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. “ಹಾಳಾಯ್ತಾ ಮಗಾ?” ಎಂದಳು ಮೆಲ್ಲಗೆ.

ಹಾಳಾಗಿದ್ದರೂ ತೊಳೆಯಲೇಬೇಕಲ್ಲ. ಮೊದಲ ಹಾಳೆಯನ್ನು ನೀರಿನ ತಟ್ಟೆಗೆ ಇಳಿಸಿದೆ. ಹಸಿರು ಮದ್ದು ಕರಗಿ ಹೋಯಿತು. ಎಲ್ಲವೂ ಹೋಗಿ ಬರೀ ಕಾಗದ ಉಳಿಯುತ್ತದೆ ಎಂದುಕೊಂಡೆ. ಉಳಿದದ್ದು ತೆಳು ನೀಲಿ, ಮಗುಚುವ ಮೊದಲು ಬಿದ್ದ ಆ ಒಂದಿಷ್ಟು ಬಿಸಿಲಿನ ಫಲ. ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದಷ್ಟೇ ನೀಲಿ. ಹಂಚಿನ ಸಾಲು, ಬೆಂಚು, ಭರಣಿಗಳು ಮಂಜಿನಲ್ಲಿ ನಿಂತಂತಿದ್ದವು. ಎಡಗಡೆಯ ಒಲೆಯ ಹಬೆ ಎಲ್ಲಿ ಮುಗಿದು ಬೆಳಗು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ.

ದೊಡ್ಡಮ್ಮ ನನ್ನ ಹೆಗಲ ಮೇಲಿಂದ ಬಗ್ಗಿದಳು.

“ಹೆಣೇ... ಮೊದಲ್ನೇ ಬಸ್ ಇನ್ನೂ ಬರ್ಲಿಲ್ಲ ಅಲ್ದಾ ಇದ್ರಂಗೆ?”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವಳು ಬೆಳಕು ಹರಿಯುವ ಮೊದಲೇ ಅಂಗಡಿ ತೆಗೆಯುತ್ತಿದ್ದವಳು. ಬೆಂಚು ಒರೆಸಿ, ಊದುಬತ್ತಿ ಹಚ್ಚಿ, ಒಲೆಗೆ ಮೊದಲ ಪಾತ್ರೆ ಏರಿಸಿ, ಕುಂದಾಪುರದ ಕಡೆಯಿಂದ ಬರುವ ಮೊದಲ ಬಸ್ಸಿಗೆ ಕಿವಿಗೊಡುವ ಆ ಹೊತ್ತು. ಅಂಗಡಿ ಗಿರಾಕಿಗಳದ್ದಾಗುವ ಮೊದಲು ಅವಳೊಬ್ಬಳದೇ ಆಗಿದ್ದ ಹೊತ್ತು. ನನ್ನ ಕಡು ನೀಲಿಯಲ್ಲಿ ಸಿಗದಿದ್ದದ್ದು ಅವಳು ಮಗುಚಿ ಹಾಕಿದ ಹಾಳೆಯಲ್ಲಿ ಬಂದು ಕೂತಿತ್ತು. ನಾನು ಜೋರಾಗಿ ನಕ್ಕುಬಿಟ್ಟೆ, ಕಣ್ಣಲ್ಲಿ ನೀರೂ ಬಂತು. “ನೀನ್ ಮಗ್ಚಿದ್ದೇ ಒಳ್ಳೇದಾಯ್ತ್ ದೊಡ್ಡಮ್ಮ,” ಎಂದೆ. “ನಾನ್ ಹೇಳ್ಲಿಲ್ಯಾ? ಎರಡೂ ಬದಿ ಒಣಗ್ಕ್,” ಎಂದಳು.

ಹೊರಗೆ ಮಳೆ ಜಡಿಯತೊಡಗಿತ್ತು. ಚಿತ್ರದ ನೀರು ಒತ್ತಿ ತೆಗೆದು ಅವಳ ಮಡಿಲಿಗೆ ಕೊಟ್ಟೆ. ಚಾವಡಿಯ ಬಾಗಿಲ ಬಳಿ ಕೂತು, ಎರಡೂ ಕಾಲುಗಳನ್ನು ಕುರ್ಚಿಯ ಮೇಲೆತ್ತಿಕೊಂಡು, ನೋಡುತ್ತಲೇ ಇದ್ದಳು. ಅಷ್ಟರಲ್ಲಿ ನಮ್ಮವರು ಪೇಟೆಯಿಂದ ಪೂರ್ತಿ ಒದ್ದೆಯಾಗಿ ಬಂದರು. ಮೆಟ್ಟಿಲಲ್ಲಿ ಕೊಡೆ ಕೊಡವುತ್ತ ದೊಡ್ಡಮ್ಮನನ್ನು ನೋಡಿದರು, ಮಡಿಲಿನ ಚಿತ್ರ ನೋಡಿದರು, ನನ್ನನ್ನು ನೋಡಿದರು. ಇಷ್ಟು ವರ್ಷ ನನ್ನನ್ನು ಗೋಳು ಹೊಯ್ದುಕೊಂಡ ಆ ಮಹಾನುಭಾವರಿಗೆ ಅಂದು ಯಾವ ದೇವರು ಬುದ್ಧಿ ಕೊಟ್ಟನೋ, ಒಳಗೆ ಬರದೆ ಹೊಸ್ತಿಲಾಚೆಯೇ ನಿಂತು ಕೇಳಿದರು:

“ಅಕ್ಕಾ, ಚಾ ಇತ್ತಾ?”

ದೊಡ್ಡಮ್ಮ ಚಿತ್ರದಿಂದ ಕಣ್ಣೆತ್ತಲಿಲ್ಲ. ಎಡಗೈ ಮಾತ್ರ ಸಣ್ಣಗೆ ಎಡಗಡೆಗೆ ಹೋಯಿತು.

“ಇತ್ತ್,” ಎಂದಳು. “ಬನ್ನಿ, ಕೂಕಣಿ. ಬಿಸಿ ಇತ್ತ್.”

ಅಂಗಡಿಯವಳು ಇತ್ತ್ ಎಂದ ಮೇಲೆ ಇಲ್ಲ ಎನ್ನಲು ಬರುತ್ತದೆಯೇ? ನಾನು ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ.